ಕಾರು ಸಾಬರ ಹಿಂದಿನ ಎರಡು ಗಾಲಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ದಾರದ ಗಂಟು ಬಿಚ್ಚಿದವನು ನಾನು. ದೊಡ್ಡ ಕಾರಣವೇನೂ ಇರಲಿಲ್ಲ. ದಾವಣಗೆರೆಯಲ್ಲಿ ಬಸ್ಸು ಬದಲಾಯಿಸುವಾಗ ನನ್ನ ಎಡಗಾಲಿನ ಚಪ್ಪಲಿಯ ಉಂಗುಟ ಕಿತ್ತುಹೋಯಿತು, ಕಟ್ಟಿಕೊಳ್ಳಲು ಜೇಬಿನಲ್ಲಿ ಸಿಕ್ಕಿದ್ದು ಅದೊಂದೇ ದಾರ. ಒಬ್ಬ ಮನುಷ್ಯನ ಇಪ್ಪತ್ತು ವರ್ಷದ ಬದುಕು ನನ್ನ ಹೆಬ್ಬೆರಳಿನ ಸಂದಿಯಲ್ಲಿ ಸಿಕ್ಕಿಕೊಂಡು ಜಗಳೂರಿನವರೆಗೆ ಕುಂಟಿತು. ಇದನ್ನು ಹಿಂದೊಮ್ಮೆ ಹತ್ತಾರು ಜನರ ಮುಂದೆ ನಿಂತು ಹೇಳಿದ್ದೇನೆ. ಒಬ್ಬರೂ ನಂಬಲಿಲ್ಲ. ನಂಬದ ಹಾಗೆ ಮಾಡಿದವರೂ ಆ ದಾರದ ಯಜಮಾನರೇ.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಉಪಯೋಗವಿಲ್ಲ, ಚನ್ನಗಿರಿಯಲ್ಲಿ ಆ ಹೆಸರು ಹಿಡಿದು ವಿಚಾರಿಸಿದರೆ ಯಾರಿಗೂ ಗುರುತು ಹತ್ತುವುದಿಲ್ಲ. ಕಾರು ಸಾಬರು ಅನ್ನಬೇಕು. ಕಾರು ಹೋಗಿ ಐದು ವರ್ಷವಾದ ಮೇಲೂ ಅವರು ಕಾರು ಸಾಬರೇ. ಹೊನ್ನಾಳಿಯಲ್ಲಿ ಮಗಳ ಮನೆಯ ಜಗಲಿಯ ಮೇಲೆ ಕೂತು ಸೈಕಲ್ಲಿಗೆ ಪಂಕ್ಚರ್ ಹಾಕುತ್ತಿದ್ದಾಗಲೂ ಜನ ಸೈಕಲ್ಲು ತಳ್ಳಿಕೊಂಡು ಬಂದು, "ಕಾರು ಸಾಬ್ರು ಅದಾರೇನ್ರಿ?" ಎಂದೇ ಕೇಳುತ್ತಿದ್ದರಂತೆ. ಹೋದ ತಿಂಗಳು ಅದೇ ಜಗಲಿಯಲ್ಲಿ ತೀರಿಕೊಂಡರು. ಮಣ್ಣು ಮಾಡಿ ಬಂದ ಮೇಲೆ ಚಹಾದ ಅಂಗಡಿಯಲ್ಲಿ ನಮ್ಮೂರಿನವನೊಬ್ಬ, "ಏ, ಸಾಬ್ರ ಕೆಮ್ಮು ಒಂದ್ಸಲ ಕೆಮ್ಮಲೇ," ಅಂದ. ಕೆಮ್ಮಿದೆ. ನಾನು ಅಂಥವನು. ಎಲ್ಲರೂ ನಕ್ಕರು, ಆಮೇಲೆ ಯಾರೂ ಚಹಾ ಕುಡಿಯಲಿಲ್ಲ.

ಆ ಕೆಮ್ಮಿನ ವಿಷಯ ಹೇಳಬೇಕು. ಇಲ್ಲ ಅನ್ನುವ ಮೊದಲು ಸಾಬರು ಎರಡು ಸಲ ಕೆಮ್ಮುತ್ತಿದ್ದರು. ಹೂಂ ಅನ್ನುವಾಗ ಕೆಮ್ಮಿಲ್ಲ. "ನಾಳೆ ಹೊನ್ನಾಳಿಗೆ ಬರ್ತೀರಾ ಸಾಬ್ರೆ?" ಅಂದರೆ ಒಂದು ಕ್ಷಣ ಕಾಯಬೇಕು, ಕೆಮ್ಮು ಬರದಿದ್ದರೆ ಬುತ್ತಿ ಕಟ್ಟಬಹುದು. ಮಾತು ಆಡಿ ನೋಯಿಸುವುದಕ್ಕಿಂತ ಗಂಟಲಿಗೆ ಆ ಕೆಲಸ ಒಪ್ಪಿಸುವುದು ಅವರಿಗೆ ಸುಲಭವಿತ್ತೇನೋ. ಕೂರುವಾಗ ಬಲಗೈಯನ್ನು ಮಂಡಿಯ ಮೇಲೆ ಊರಿ, ಉಸಿರು ಬಿಟ್ಟು, ಕಾರಿನ ಪಕ್ಕದ ಮೆಟ್ಟುಹಲಗೆಯ ಮೇಲೆ ಕೂರುತ್ತಿದ್ದರು. ಬಾಡಿಗೆ ಇಲ್ಲದ ಹೊತ್ತಿನಲ್ಲಿ ಒಳಗಿನ ಸೀಟಿನ ಮೇಲೆ ಕೂತದ್ದನ್ನು ನಾನು ನೋಡಿಲ್ಲ. "ಯಾಕ್ರಿ, ನಿಮ್ದೇ ಕಾರಲ್ವಾ?" ಅಂದರೆ, "ಉರುಳೋವಾಗ ನಂದು. ನಿಂತಾಗ ಅದ್ರದ್ದು ಅದಕ್ಕೆ," ಅನ್ನುತ್ತಿದ್ದರು.

ಉರುಳುವ ಮಾತು ಬಂದದ್ದು ದೊಡ್ಡ ಸಾಹುಕಾರರಿಂದ. ಅವರದು ಚನ್ನಗಿರಿಯಲ್ಲಿ ಅಡಿಕೆ ಮಂಡಿ. ಹರೆಯದಲ್ಲಿ ಶೋಕಿಗೆ ಆ ಕಾರು ತರಿಸಿದ್ದರು: ಮೇಲೆ ಬಟ್ಟೆಯ ಮಾಡು, ಕೆಳಗೆ ನಡುವಿನಿಂದ ಅಂಚಿಗೆ ಚಾಚಿದ ಮರದ ಅರೆಕಾಲುಗಳ ಗಾಲಿ, ಎದುರಿಗೆ ಎರಡು ಹಿತ್ತಾಳೆ ದೀಪ. ಗಾಡಿ ಬಡಗಿಯ ಮಗನಾಗಿ ಗಾಲಿ ನಡುವೆಯೇ ಬೆಳೆದು, ಆಮೇಲೆ ಎಲ್ಲೋ ಮೋಟಾರು ಕೆಲಸ ಕಲಿತಿದ್ದ ಸಾಬರನ್ನು ಕರೆತಂದು ಅದಕ್ಕೆ ಜೋಡಿ ಮಾಡಿದರು. ಸಾಯುವಾಗ ಮಗನನ್ನು ಕರೆದು, "ಉರುಳೋವರೆಗೂ ಕಾರು ಸಾಬರದು, ಶೆಡ್ಡೂ ಅವರದು. ನಿಂತ ಮೇಲೆ ನಿನ್ನದು," ಎಂದು ಹೇಳಿಹೋದರು. ಶೆಡ್ಡು ಅಂದರೆ ಕಾರಿನ ಮನೆ, ಪಕ್ಕದಲ್ಲೊಂದು ಕೋಣೆ. ಆ ಕೋಣೆಯಲ್ಲಿ ಸಾಬರ ಸಂಸಾರ ನಡೆದು, ಹೆಂಡತಿ ತೀರಿ, ಮಗಳು ಮದುವೆಯಾಗಿ ಹೋಗಿ, ಕೊನೆಗೆ ಒಂದು ಮಂಚ, ಒಂದು ಟ್ರಂಕು, ಒಂದು ಪಾನಾ ಚೀಲ ಉಳಿದಿತ್ತು. ಚಿಕ್ಕ ಸಾಹುಕಾರರು ಕೆಟ್ಟವರಲ್ಲ. ಅಪ್ಪನ ಮಾತನ್ನು ಅಕ್ಷರಕ್ಕೆ ಅಕ್ಷರ ನಡೆಸುವವರು, ಅಷ್ಟೇ. ನಾನು ಅವರ ಮಂಡಿಯಲ್ಲಿ ಗುಮಾಸ್ತ. ಅವರು ತೇಗುವುದನ್ನು ನಾನು ಅವರಿಗಿಂತ ಚೆನ್ನಾಗಿ ತೇಗುತ್ತೇನೆ.

ಬೇಸಿಗೆಯಲ್ಲಿ ಮರದ ಗಾಲಿ ಒಣಗಿ ಅರೆಕಾಲು ಸಡಿಲವಾಗುತ್ತವೆ, ಕಿರುಗುಟ್ಟುತ್ತವೆ. ಅದಕ್ಕೆ ಸಾಬರು ದಿನಾ ಸಂಜೆ ಕಾರನ್ನು ಕೆರೆಗೆ ಇಳಿಸುತ್ತಿದ್ದರು. ಒಂದು ಕಡೆ ಎಮ್ಮೆ, ಒಂದು ಕಡೆ ಕಾರು. ಗಾಲಿ ಮುಳುಗುವಷ್ಟು ನೀರಿನಲ್ಲಿ ಅರ್ಧ ತಾಸು ನಿಲ್ಲಿಸಿ, ಪಂಚೆ ಮೇಲೆ ಕಟ್ಟಿ, ಒಂದೊಂದೇ ಅರೆಕಾಲನ್ನು ಬೆರಳ ಗೆಣ್ಣಿನಿಂದ ಟಕಟಕ ಬಡಿದು ಕೇಳುವರು. ಬಟ್ಟೆ ಒಗೆಯಲು ಬಂದ ಹೆಂಗಸರು, "ಸಾಬ್ರೆ, ನಿಮ್ಮ ಎಮ್ಮೆ ಹಾಲು ಎಷ್ಟು ಕೊಡ್ತೈತೆ?" ಅನ್ನುವರು. "ಇವತ್ತು ಕೊಟ್ಟಿಲ್ಲಮ್ಮಾ, ಕರು ಬಿಟ್ಟಿಲ್ಲ," ಎಂದು ಅಷ್ಟೇ ಗಂಭೀರವಾಗಿ ಉತ್ತರ. ಬಡಿದ ಸದ್ದು ಮಂದವಾದರೆ ಮರ ನೀರು ಕುಡಿದಿದೆ ಎಂದರ್ಥ. ಆಗ ಮನೆಗೆ.

ನಾನು ಅವರಿಗೆ ಹತ್ತಿರವಾದದ್ದು ನಕಲಿನಿಂದ. ಒಂದು ದಿನ ಮಂಡಿಯ ಬಾಗಿಲಲ್ಲಿ ನಿಂತು ಕಾರು ಶುರುವಾಗುವ ಸದ್ದನ್ನು ಬಾಯಲ್ಲಿ ಮಾಡುತ್ತಿದ್ದೆ: ಮೊದಲು ಕೈಹಿಡಿಕೆ ತಿರುಗಿಸುವ ಗೊರಗೊರ, ಆಮೇಲೆ ಸೀನು, ಆಮೇಲೆ ಡುಗುಡುಗು. ಹಮಾಲರೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದರು. ಹಿಂದೆ ನೋಡಿದರೆ ಸಾಬರು. ಬೈಗುಳಕ್ಕೆ ತಯಾರಾದೆ. ಅವರು ಹತ್ತಿರ ಬಂದು, "ಇನ್ನೊಂದ್ಸಲ ಮಾಡಪ್ಪಾ," ಅಂದರು. ಮಾಡಿದೆ. ಕಣ್ಣು ಮುಚ್ಚಿ ಕೇಳಿದರು. "ಸೀನಿದ ಮೇಲೆ ಒಂದು ಸಣ್ಣ ಚಿಟಕಿ ಬರ್ತೈತಲ್ಲಾ, ಅದು ನೀನು ಮಾಡಿದ್ದಾ, ಕಾರಿಂದಾ?" "ಕಾರಿಂದೇ ಸಾಬ್ರೆ." ತಲೆಯಾಡಿಸಿ ಹೋದರು. ಮರುದಿನ ಇಂಜಿನ್ನಿನ ಯಾವುದೋ ಒಂದು ಮೊಳೆ ಬದಲಾಯಿಸಿದರು. ಚಿಟಕಿ ನಿಂತಿತು.

ಅಲ್ಲಿಂದ ಮುಂದೆ ನಾನು ಅವರ ಎರಡನೆಯ ಕಿವಿಯಾದೆ. ಕೆರೆಬಿಳಚಿಯ ಹಿಟ್ಟಿನ ಗಿರಣಿ ಕೆಟ್ಟರೆ, ಭಾನುವಾರ ಸೈಕಲ್ಲಿನಲ್ಲಿ ಹೋಗಿ ಸದ್ದು ಕೇಳಿಕೊಂಡು ಬಂದು ಅವರ ಮುಂದೆ ಗಿರಣಿಯಾಗಿ ನಿಲ್ಲುತ್ತಿದ್ದೆ. "ಹಾಂ, ಬೆಲ್ಟು ಸಡಿಲ ಆಗೈತೆ. ಹೋಗಿ ಹೇಳು," ಅನ್ನುವರು. ನನ್ನ ಜನ್ಮದಲ್ಲಿ ನನ್ನ ಚೇಷ್ಟೆಯಿಂದ ಯಾರಿಗಾದರೂ ಉಪಕಾರವಾಗಿದ್ದರೆ ಅದು ಆ ಶೆಡ್ಡಿನಲ್ಲಿ. "ನಿನ್ನ ಬಾಯಿ ಏನ್ ಬೇಕಾದ್ರೂ ಹೇಳ್ಲಿ, ಕಿವಿ ಸುಳ್ಳು ಹೇಳಂಗಿಲ್ಲ," ಎಂದು ಒಮ್ಮೆ ಅಂದಿದ್ದರು. ಕಾಲಿನ ವಿಷಯ ಅವರಿಗೆ ಗೊತ್ತಿರಲಿಲ್ಲ.

ಯುದ್ಧದ ಮೂರನೆಯದೋ ನಾಲ್ಕನೆಯದೋ ವರ್ಷ. ಗೋವಿನಕೋವಿಯ ಮದುವೆ ಬಾಡಿಗೆ. ಹಿಂದಿನ ಬಲಗಾಲಿ ಊರು ಇನ್ನೊಂದು ಹರದಾರಿ ಇರುವಾಗ ಕೈಬಿಟ್ಟಿತು. ಅರೆಕಾಲು ಒಂದರ ಹಿಂದೆ ಒಂದು ಕಳಚಿ, ಕಾರು ಒಂದು ಪಕ್ಕಕ್ಕೆ ನಿಧಾನವಾಗಿ ಮೊಣಕಾಲು ಊರಿತು. ಯಾರಿಗೂ ಪೆಟ್ಟಾಗಲಿಲ್ಲ. ಮದುಮಗನ ಬಾಸಿಂಗ ಮಾತ್ರ ಮೂಗಿನ ಮೇಲೆ ಬಂತು. ಸಾಬರು ಇಳಿದು, ಮೊದಲು ಮದುಮಗಳ ಹತ್ತಿರ ಹೋಗಿ ಕೈಮುಗಿದು, "ತಪ್ಪಾತು ತಾಯಿ," ಅಂದರು. ಆಮೇಲೆ ಅಜ್ಜಿಗೆ, ಆಮೇಲೆ ಮದುಮಗನಿಗೆ, ಆಮೇಲೆ ಕಂಚಿನ ಕೊಡ ಹಿಡಿದು ಕೂತಿದ್ದ ಸೋದರಮಾವನಿಗೆ, ಒಬ್ಬೊಬ್ಬರಿಗೂ ಬೇರೆಬೇರೆಯಾಗಿ. ದಿಬ್ಬಣ ಎತ್ತಿನ ಗಾಡಿ ಹತ್ತಿತು. ಇವರು ಮದುಮಗಳ ಟ್ರಂಕನ್ನು ತಲೆಯ ಮೇಲೆ ಹೊತ್ತು ಗಾಡಿಯ ಹಿಂದೆ ನಡೆದರು. "ಗಾಡಿಗೆ ಹಾಕ್ರಿ ಸಾಬ್ರೆ, ಜಾಗ ಐತೆ," ಅಂದರೂ ಕೇಳಲಿಲ್ಲ. ಬಾಡಿಗೆ ಒಪ್ಪಿಕೊಂಡದ್ದು ಊರು ಮುಟ್ಟಿಸಲು.

ಆಮೇಲೆ ಮೂರು ದಿನ, ಹಿಂದಿನ ಗಾಲಿಗಳನ್ನು ಜೋಡಿಸುವ ಇರುಸಿನ ಕೆಳಗೆ ಒಂದು ಕೊರಡು ಕಟ್ಟಿ, ಎತ್ತು ಹೂಡಿ, ಕಾರನ್ನು ಚನ್ನಗಿರಿಗೆ ಎಳೆದು ತಂದರು. ಅವರೂ ಪಕ್ಕದಲ್ಲೇ ನಡೆದು ಬಂದರು. ಸ್ಟೆಪ್ನಿ ಎಲ್ಲಿ ಎಂದು ಕೇಳಬೇಡಿ. ಅದು ಎಂದೋ ಮುಂದಿನ ಗಾಲಿಯಾಗಿ ಬಡ್ತಿ ಪಡೆದಿತ್ತು. ಹಿಂದಿನ ಎಡಗಾಲಿಯೂ ಬಲಗಾಲಿಯ ಓರಗೆಯದೇ, ಇವತ್ತೋ ನಾಳೆಯೋ ಅನ್ನುವ ಹಾಗಿತ್ತು. ಹಾಗಾಗಿ ಬೇಕಾದದ್ದು ಎರಡು ಗಾಲಿ. ಆ ದಿನಗಳಲ್ಲಿ ಪೆಟ್ರೋಲಿಗೆ ಚೀಟಿಯಾದರೂ ಇತ್ತು. ಸತ್ತ ಕಂಪನಿಯ ಮುದಿ ಕಾರಿನ ಗಾಲಿಗೆ ಚೀಟಿಯೂ ಇಲ್ಲ, ಅಂಗಡಿಯೂ ಇಲ್ಲ.

ಚಿಕ್ಕ ಸಾಹುಕಾರರು ಶೆಡ್ಡಿಗೆ ಬಂದು ನೋಡಿದರು. ಒಂದು ಸಲ ತೇಗಿದರು. "ದೀಪಾವಳಿ ಕಳೆದರೆ ಹೊಸ ಅಡಿಕೆ ಬರ್ತೈತೆ ಸಾಬ್ರೆ. ನನಗೆ ಜಾಗ ಬೇಕು. ಅಷ್ಟರಲ್ಲಿ ಉರುಳಿದ್ರೆ ನಿಮ್ದು. ಇಲ್ಲಾಂದ್ರೆ ಕಬ್ಬಿಣದವನಿಗೆ ಹೇಳಿದೀನಿ." ಸಾಬರು ಕೆಮ್ಮಲಿಲ್ಲ. "ಆಗ್ಲಿ ಧಣಿ," ಅಂದರು. ಕೈಯಲ್ಲಿ ಐದು ತಿಂಗಳಿತ್ತು.

ಮೊದಲ ಹೋರಾಟ ಹೊನ್ನಾಳಿಯಲ್ಲಿ. ಅಲ್ಲೊಬ್ಬ ಗಾಡಿ ಬಡಗಿ, ಗಾಲಿ ಮಾಡುವುದರಲ್ಲಿ ಎತ್ತಿದ ಕೈ. ಮುರಿದ ಗಾಲಿಯನ್ನು ಮುಂದೆ ಹಾಕಿಕೊಂಡು, ಜಾಲಿ ಮರದಲ್ಲಿ ಎರಡು ಹೊಸ ಗಾಲಿ ಕಡೆದ. ನೋಡಲು ದೇವರ ತೇರಿಗೆ ಹಾಕುವ ಹಾಗಿದ್ದವು. ಕಾರಿಗೆ ಹಾಕಿ ಹತ್ತು ಮಾರು ಓಡಿಸಿದರೆ ಬಾತುಕೋಳಿಯ ನಡಿಗೆ. ಎತ್ತಿನ ಗಾಡಿಯ ಗಾಲಿ ತಟ್ಟೆಯ ಹಾಗೆ ಸ್ವಲ್ಪ ಹೊರಕ್ಕೆ ಬಾಗಿರಬೇಕು, ಅದು ಅವನ ಕೈಯಲ್ಲಿ ಕೂತುಬಿಟ್ಟಿತ್ತು; ನೆಟ್ಟಗೆ ಮಾಡು ಅಂದರೂ ಉಳಿ ತಾನಾಗಿಯೇ ಬಾಗುತ್ತಿತ್ತು. ಗಾಲಿಯ ಜೊತೆಗೇ ಚನ್ನಗಿರಿಗೆ ಬಂದಿದ್ದ ಬಡಗಿ ಕಾರನ್ನು ಮೂರು ಸುತ್ತು ಹಾಕಿ ನೋಡಿ, "ಗಾಲಿ ಸರಿಯಾಗೇ ಐತ್ರಿ ಸಾಬ್ರೆ. ನಿಮ್ಮ ಕಾರೇ ಸೊಟ್ಟ ಐತೆ," ಅಂದ. ನಾನು ಒಂದು ವಾರ ಆ ನಡಿಗೆ ನಡೆದೆ. ಸಾಬರೂ ನಕ್ಕರು. ನಕ್ಕು, ಮಂಡಿಯ ಮೇಲೆ ಕೈಯೂರಿ ಕೂತರು. ಎರಡು ತಿಂಗಳು ಕಳೆದಿತ್ತು.

ಎರಡನೆಯದು ನ್ಯಾಮತಿ. ಒಂದು ದೊಡ್ಡ ಮನೆಯ ದನದ ಕೊಟ್ಟಿಗೆಯಲ್ಲಿ ಸತ್ತ ಕಾರಿದೆ ಎಂದು ಸುದ್ದಿ. ನಾನೂ ಜೊತೆಗೆ ಹೋದೆ. ಕಾರಿನ ಸೀಟಿನ ಮೇಲೆ ಕೋಳಿ ಕಾವು ಕೂತಿತ್ತು. ಮನೆಯ ಅಜ್ಜಿ ಬಾಗಿಲಲ್ಲೇ ಶರತ್ತು ಹಾಕಿದಳು: "ಗಾಲಿ ನಾಕೂ ಬಿಚ್ಕೊಂಡು ಹೋಗ್ರಿ, ನಂಗೇನು. ಕೋಳಿ ಎಬ್ಬಿಸ್ಬ್ಯಾಡ್ರಿ." ಸಾಬರು ಜೇಬಿನಿಂದ ದಾರ ತೆಗೆದರು. ಅಳತೆಪಟ್ಟಿ ಅವರು ಹಿಡಿದವರೇ ಅಲ್ಲ. ಮೇಣ ತಿಕ್ಕಿದ ಹುರಿದಾರ, ಅದಕ್ಕೆ ಮೂರು ಗಂಟು. ಮೊದಲ ಗಂಟಿನಿಂದ ಎರಡನೆಯದಕ್ಕೆ, ಗಾಲಿ ಕೂರುವ ಬೋಲ್ಟುಗಳಲ್ಲಿ ಎದುರುಬದುರು ಎರಡರ ನಡುವಿನ ದೂರ. ಎರಡರಿಂದ ಮೂರನೆಯದಕ್ಕೆ, ಗಾಲಿಯ ನಡುತೂತಿನ ಅಗಲ. ಟೈರಿನ ಅಳತೆ ಅವರಿಗೆ ಕಣ್ಣಲ್ಲೇ ತಿಳಿಯುತ್ತಿತ್ತು. ಆದರೆ ದಾರ ಹಿಡಿಯುವ ಪ್ರಸಂಗವೇ ಬರಲಿಲ್ಲ. ನಮ್ಮ ಕಾರಿಗೆ ಆರು ಬೋಲ್ಟು. ಅದರ ಗಾಲಿಗೆ ಐದು ತೂತು. ಎರಡು ಸಲ ಎಣಿಸಿದರು.

"ಇನ್ನೊಂದು ತೂತು ಕೊರೆದರಾತು ಸಾಬ್ರೆ," ಅಂದೆ ನಾನು. ಬುದ್ಧಿವಂತ.

ಎರಡು ಸಲ ಕೆಮ್ಮಿದರು. "ಐದು ಬೆರಳಿನ ಕೈಗೆ ಆರನೇದು ಅಂಟಿಸಾಕೆ ಬರ್ತೈತೇನಪ್ಪಾ? ಅಂಟಿಸಿದ್ರೂ, ಒಳಗೆ ಕುಂತ ಬಸುರಿ ಹೆಂಗಸಿಗೆ ನಾನು ಏನಂತ ಹೇಳ್ಲಿ? ಅಮ್ಮಾ, ಈ ಗಾಲಿ ಅರ್ಧ ಸುಳ್ಳು ಐತೆ, ಗಟ್ಟಿ ಹಿಡ್ಕೊಳ್ರಿ ಅಂತಾನಾ?" ದಾರವನ್ನು ಸುತ್ತಿ ಜೇಬಿಗೆ ಹಾಕಿದರು. ಅಜ್ಜಿ ಒಂದು ಮೊಟ್ಟೆ ಕೊಟ್ಟಳು. ದಾರಿಯಲ್ಲಿ ಅದನ್ನೂ ನಾನೇ ತಿಂದೆ. ಅವರಿಗೆ ಆಗಲೇ ಮೈ ಬಿಸಿಯಿತ್ತು.

ಇನ್ನೂ ಎಲ್ಲೆಲ್ಲಿಗೋ ಹೋದರು. ಎಲ್ಲವನ್ನೂ ಹೇಳಿದರೆ ನಿಮಗೂ ಕಾಲು ನೋಯುತ್ತದೆ. ಒಂದು ಕಡೆ ಗಾಲಿ ಸಣ್ಣದು, ಒಂದು ಕಡೆ ನಡುತೂತು ದೊಡ್ಡದು, ಒಂದು ಕಡೆ ಗಾಲಿಯೇ ಇಲ್ಲ, ಗಾಲಿ ಇತ್ತು ಅನ್ನುವ ಮನುಷ್ಯ ಮಾತ್ರ ಇದ್ದ. ಪ್ರತಿ ಸಲ ಹಿಂದಿರುಗಿದಾಗಲೂ ನಿಂತ ಕಾರಿನ ಮುಂದಿನ ಎರಡು ಗಾಲಿಗೆ ಬಿಂದಿಗೆಯಿಂದ ನೀರು ಹೊಯ್ಯುವರು. ಕೆರೆಗೆ ಹೋಗಲಾರದ ಕಾರಿಗೆ ಕೆರೆಯನ್ನೇ ಹೊತ್ತು ತರುವರು. "ಸಾಕಾಗೈತಪ್ಪಾ," ಅನ್ನುವುದು ಶುರುವಾಯಿತು. ಯಾರಿಗೆ ಹೇಳುತ್ತಿದ್ದರೋ ಗೊತ್ತಿಲ್ಲ. ನಾನು ಪಕ್ಕದಲ್ಲಿ ಇರುತ್ತಿದ್ದೆ.

ದೀಪಾವಳಿಗೆ ಇನ್ನು ಮೂರು ವಾರ ಅನ್ನುವಾಗ ಬಸ್ಸಿನ ಡ್ರೈವರೊಬ್ಬ ಸುದ್ದಿ ತಂದ. ಜಗಳೂರಿನಲ್ಲಿ ಕಂಬಳಿ ವ್ಯಾಪಾರಿಯೊಬ್ಬನ ಹುಣಿಸೆಮರದ ಕೆಳಗೆ ಇಂಥದೇ ಕಾರಿದೆ, ಆರು ಬೋಲ್ಟು, ಟೈರಿನ ನಂಬರೂ ಇದೇ. ಸಾಬರು ಚಳಿಜ್ವರದಲ್ಲಿ ಮಂಚ ಹಿಡಿದಿದ್ದರು. ಎದ್ದು ನಿಲ್ಲಲು ನೋಡಿದರು, ಆಗಲಿಲ್ಲ. ನನ್ನನ್ನು ಕರೆದರು. ದಾರ ಕೈಗಿಟ್ಟರು.

"ನೋಡಪ್ಪಾ, ಒದ್ದೆ ಮಾಡ್ಬ್ಯಾಡ, ಜಗ್ಗಬ್ಯಾಡ. ಮೊದ್ಲು ಬೋಲ್ಟಿನ ತೂತಿಗೆ ಹಿಡಿ, ಆಮೇಲೆ ನಡುತೂತಿಗೆ. ಎರಡೂ ಕುಂತ್ರೆ ಅವನಿಗೆ ನನ್ನ ಸಲಾಂ ಹೇಳಿ, ಒಂದು ವಾರ ಯಾರಿಗೂ ಕೊಡಬ್ಯಾಡ ಅನ್ನು. ಇಷ್ಟೇ."

"ಬಿಡ್ರಿ ಸಾಬ್ರೆ, ಗಾಲಿ ಸದ್ದೂ ಮಾಡ್ಕೊಂಡು ಬರ್ತೀನಿ."

"ಸದ್ದು ಬ್ಯಾಡ. ಅಳತೆ ತಗಂಬಾ."

ಆಗ ಇದ್ದಿಲ ಬಸ್ಸುಗಳ ಕಾಲ. ಹಿಂದೆ ಒಂದು ಒಲೆ ಕಟ್ಟಿಕೊಂಡು, ಏರು ಬಂದಲ್ಲೆಲ್ಲ ನಮ್ಮನ್ನು ಇಳಿಸಿ, ನಮ್ಮಿಂದಲೇ ತಳ್ಳಿಸಿಕೊಂಡು ಹೋಗುತ್ತಿದ್ದವು. ದಾವಣಗೆರೆ ಮುಟ್ಟುವಷ್ಟರಲ್ಲಿ ತಳ್ಳಿ ತಳ್ಳಿ ನನ್ನ ಚಪ್ಪಲಿಯ ಉಂಗುಟ ಕಿತ್ತಿತ್ತು. ಜಗಳೂರಿನ ಬಸ್ಸು ಹೊರಡುವುದರಲ್ಲಿದೆ. ಜೇಬಿಗೆ ಕೈ ಹಾಕಿದೆ. ದಾರ ಸಿಕ್ಕಿತು. ಚಪ್ಪಲಿಯ ತೂತಿನಲ್ಲಿ ಪೋಣಿಸಿದರೆ ಮೊದಲ ಗಂಟು ತೂರಲಿಲ್ಲ. ಬಿಚ್ಚಿದೆ. ಗಂಟು ಇದ್ದಲ್ಲಿ ಮೇಣದ ಮೇಲೆ ಒಂದು ಕುಳಿ ಇತ್ತು; ಆಮೇಲೆ ಅಲ್ಲೇ ಕಟ್ಟಿದರಾಯಿತು ಎಂದು ಲೆಕ್ಕ ಹಾಕಿದೆ. ಬರಿಗಾಲಲ್ಲಿ ಹೋಗಬಹುದಿತ್ತು ಎಂದು ಈಗ ಹೊಳೆಯುತ್ತದೆ. ಆಗ ಹೊಳೆಯಲಿಲ್ಲ, ಜಗಳೂರಿಗೆ ಮೊದಲ ಸಲ ಹೋಗುತ್ತಿದ್ದೆ, ಚಪ್ಪಲಿ ಇಲ್ಲದ ಗುಮಾಸ್ತ ಅನ್ನಿಸಿಕೊಳ್ಳಬಾರದು ಎಂಬ ಜಂಬ.

ಜಗಳೂರಿನಲ್ಲಿ ಬಸ್ಸಿಳಿದು, ಕಲ್ಲುಮಣ್ಣಿನ ದಾರಿಯಲ್ಲಿ ಒಂದು ಮೈಲಿ ನಡೆದೆ. ಹುಣಿಸೆಮರದ ಕೆಳಗೆ ಕೂತು ದಾರ ಬಿಚ್ಚಿದರೆ ಮೇಣವೂ ಇಲ್ಲ, ಕುಳಿಯೂ ಇಲ್ಲ. ಕೆಂಪು ದೂಳಿನ ಒಂದು ಹುರಿ. ಕಣ್ಣಂದಾಜಿನಲ್ಲಿ ಗಂಟು ಹಾಕಿದೆ. ಗಾಲಿಗೆ ಹಿಡಿದೆ. ನಡುತೂತು ಸರಿಯಾಗಿ ಕೂತಿತು. ಬೋಲ್ಟಿನ ತೂತು ಅರ್ಧ ಬೆರಳು ತಪ್ಪಿತು.

ಕಂಬಳಿ ವ್ಯಾಪಾರಿ ಮೂಗಿನಲ್ಲಿ ಮಾತಾಡುವ ಒಳ್ಳೆಯ ಮನುಷ್ಯ. "ಏನಂತೀಯಪ್ಪಾ? ನೀರಿನ ಗಾಡಿಗೆ ಹಾಕ್ತೀನಂತ ಇನ್ನೊಬ್ಬ ನಾಕೂ ಕೇಳ್ಯಾನೆ. ನಿಮ್ಮ ಸಾಬ್ರಿಗೆ ಬೇಕಂದ್ರೆ ಅವನಿಗೆ ಇಲ್ಲ ಅಂತೀನಿ."

ಅರ್ಧ ಬೆರಳು ನನ್ನ ಗಂಟಿನದೋ ಗಾಲಿಯದೋ ಎಂಬ ಅನುಮಾನ ಬಂತು. ಬಂದದ್ದನ್ನು ಹೇಳಿದರೆ ಚಪ್ಪಲಿಯ ಕತೆ ಹೇಳಬೇಕು. "ಕೂರಲ್ರಿ. ಕೊಟ್ಬಿಡ್ರಿ ಅವನಿಗೆ," ಅಂದೆ.

ಹಿಂದಿರುಗಿ ಸಾಬರ ಮಂಚದ ಪಕ್ಕ ನಿಂತು ಅದನ್ನೇ ಹೇಳಿದೆ. ಅವರು ಮಾತಾಡುವ ಮೊದಲು ವ್ಯಾಪಾರಿಯ ನಕಲು ಶುರುಮಾಡಿದೆ, ಮೂಗಿನಲ್ಲಿ. ಕಂಬಳಿ ಕೊಡವುವುದು, ಕುರಿ ಕರೆಯುವುದು ಎಲ್ಲ. ಅವರು ಕೊನೆಯವರೆಗೆ ಕೇಳಿದರು.

"ನಡುತೂತು ಕುಂತಿತಾ?"

"ಕುಂತಿತು."

"ಬೋಲ್ಟು ಮಾತ್ರ ಅರ್ಧ ಬೆರಳು?"

"ಹೂಂ."

ದಾರ ಕೇಳಿದರು. ಕೊಟ್ಟೆ. ಮೊದಲ ಗಂಟಿನ ಮೇಲೆ ಹೆಬ್ಬೆರಳ ಉಗುರು ಆಡಿಸಿದರು. ಅವರ ಗಂಟುಗಳು ಎರಡು ಸುತ್ತಿನವು. ನನ್ನದು ಒಂದೇ ಸುತ್ತು. ನನ್ನ ಮುಖ ನೋಡಲಿಲ್ಲ, ಕಾಲು ನೋಡಿದರು. "ಹೋಗು, ಉಂಡು ಮಲಕ್ಕೋ. ದಣಿದೀಯ," ಅಂದರು.

ಮರುದಿನ ಬೆಳಿಗ್ಗೆ ಮಂಚ ಖಾಲಿ. ಮಗಳನ್ನು ನೋಡಲು ಹೊನ್ನಾಳಿಗೆ ಹೋಗಿದ್ದಾರೆ ಎಂದುಕೊಂಡೆ; ಹಾಗೆ ಅಂದುಕೊಳ್ಳುವುದು ನನಗೂ ಅನುಕೂಲವಾಗಿತ್ತು. ಮೂರನೆಯ ದಿನ ಬಂದರು, ಕೆನ್ನೆ ಒಳಗೆ ಹೋಗಿತ್ತು. ನೆಟ್ಟಗೆ ಮಂಡಿಗೆ ಬಂದು ಸಾಹುಕಾರರ ಮುಂದೆ ನಿಂತು, "ಜಗಳೂರಿನ ಗಾಲಿ ತಪ್ಪಿಹೋತು ಧಣಿ. ಅಳತೆ ನಂದೇ ತಪ್ಪಾತು," ಅಂದರು. ನಾನು ಚೀಲ ಎಣಿಸುತ್ತಿದ್ದೆ. ಎಣಿಕೆ ತಪ್ಪಿತು, ಮತ್ತೆ ಮೊದಲಿಂದ ಎಣಿಸಿದೆ.

ದೀಪಾವಳಿಗೆ ವಾರ ಇರುವಾಗ ಅದೇ ವ್ಯಾಪಾರಿ ಕಂಬಳಿ ಹೊತ್ತು ಚನ್ನಗಿರಿಗೆ ಬಂದ. ನನ್ನನ್ನು ಗುರುತಿಸಿ ಮಂಡಿಯ ಕಟ್ಟೆಯ ಮೇಲೆ ಕೂತ.

"ನಿಮ್ಮ ಸಾಬ್ರು ಬಂದಿದ್ರಪ್ಪಾ, ನೀನು ಬಂದೋದ ಮೂರನೇ ದಿನ. ಅಷ್ಟರಲ್ಲಿ ಗಾಲಿ ಹೋಗಿದ್ವು. ಆಮೇಲೆ ಬೇರೆ ಒಂದು ದಾರ ತೆಗೆದು, ಇರುಸಿನ ಮ್ಯಾಲೆ ಉಳಿದ ಆರು ಬೋಲ್ಟಿಗೆ ಹಿಡಿದ್ರು. ಕೂದಲೆಳೆ ತಪ್ಪಿಲ್ಲ ನೋಡು, ಹಂಗೆ ಕುಂತಿತು. ಒಂದು ಚೊಂಬು ನೀರು ಕೇಳಿದ್ರು. ಕುಡಿದ್ರು. ಹೊಂಟೋದ್ರು. ಯಾಕಪ್ಪಾ, ನೀನು ಕೂರಲ್ಲ ಅಂದಿದ್ಯಲ್ಲಾ?"

ಅವನ ದನಿಯನ್ನು ನಾನು ಇವತ್ತಿಗೂ ಮಾಡಬಲ್ಲೆ. ಈ ಮಾತುಗಳನ್ನು ಮಾತ್ರ ಯಾರ ಮುಂದೆಯೂ ಮಾಡಿಲ್ಲ.

ಏಳು ದಿನ ನನ್ನ ಬಾಯಿಂದ ಒಂದು ನಕಲೂ ಹೊರಬೀಳಲಿಲ್ಲ. ಹಮಾಲರು ನನಗೆ ಜ್ವರ ಎಂದುಕೊಂಡರು. ನಮ್ಮವ್ವ ದೃಷ್ಟಿ ತೆಗೆದಳು. ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಅವರ ಶೆಡ್ಡು ಹೋಗುತ್ತದೆ. ಏಳು ದಿನ ಇದನ್ನೇ ತೂಗಿದೆ. ನಮ್ಮದು ತೂಕದ ಮಂಡಿ, ಆದರೂ ತಕ್ಕಡಿ ನನ್ನ ಕಡೆಗೇ ವಾಲುತ್ತಿತ್ತು.

ಹಬ್ಬ ಕಳೆದ ಮರುದಿನ ಬೆಳಿಗ್ಗೆ ಕಬ್ಬಿಣದವನು ಎರಡು ಜೊತೆ ಎತ್ತು, ಹಗ್ಗ, ಕೊರಡು ತಂದ. ಮಂಡಿಯವರೆಲ್ಲ ಶೆಡ್ಡಿನ ಮುಂದೆ ಸೇರಿದ್ದರು. ಸಾಬರು ರಾತ್ರಿಯ ದೂಳು ಒರೆಸಿ, ಹಿತ್ತಾಳೆ ದೀಪಗಳನ್ನು ಬೂದಿ ಹಾಕಿ ತಿಕ್ಕಿ ಹೊಳೆಯಿಸಿದ್ದರು. ಟ್ರಂಕು, ಪಾನಾ ಚೀಲ ಹೊರಗಿಟ್ಟಿದ್ದರು. ಮುಂದಿನ ಎರಡು ಗಾಲಿ ಒದ್ದೆಯಾಗಿದ್ದವು. ಬೆಳಿಗ್ಗೆಯೂ ನೀರು ಹೊಯ್ದಿದ್ದರು. ಆ ನೀರು ನೋಡಿದ್ದೇ ತಡ, ನನಗೆ ತಡೆಯಲಾಗಲಿಲ್ಲ. ಚಪ್ಪಲಿ ಬಿಟ್ಟು ಮುಂದೆ ಹೋದೆ.

"ಧಣಿ, ಸಾಬ್ರ ಅಳತೆ ತಪ್ಪಿಲ್ಲ. ಜಗಳೂರಿಗೆ ಹೋಗಿದ್ದೋನು ನಾನು. ದಾರದ ಗಂಟು ಬಿಚ್ಚಿದ್ದು ನಾನು. ಚಪ್ಪಲಿ ಕಟ್ಟಿಕೊಳ್ಳಾಕೆ. ಗಾಲಿ ಕೊಟ್ಬಿಡು ಅಂದಿದ್ದೂ ನಾನೇ."

ಹಿಂದಿನಿಂದ ಯಾರೋ ಹಮಾಲ ಕಿಸಕ್ಕನೆ ನಕ್ಕ. ಹೊಸ ಆಟ ಶುರುವಾಯಿತು ಎಂದುಕೊಂಡಿರಬೇಕು.

ಸಾಹುಕಾರರು ನಗಲಿಲ್ಲ. ನನ್ನನ್ನು ನೋಡಿದರು, ಎತ್ತುಗಳನ್ನು ನೋಡಿದರು. ಆಮೇಲೆ ಸಾಬರ ಕಡೆ ತಿರುಗಿದರು. "ಇವನು ಹೇಳೋದು ನಿಜ ಏನ್ರಿ ಸಾಬ್ರೆ? ನನ್ನ ಮಂಡಿಯೋನು ಕೆಡಿಸಿದ್ದು ನಿಜ ಆದ್ರೆ, ಇವನು ಇವತ್ತೇ ಮನೆಗೆ. ಎತ್ತು ವಾಪಸ್ ಹೋಗ್ಲಿ. ನೀವು ಯುಗಾದಿವರೆಗೆ ಇಲ್ಲೇ ಇರ್ರಿ, ಬೇರೆ ಗಾಲಿ ಹುಡುಕ್ರಿ. ಹೇಳ್ರಿ, ನಿಜಾನಾ?"

ಕಬ್ಬಿಣದವನು ಹಗ್ಗ ಬಿಟ್ಟು ನಿಂತ. ಸಾಬರು ಬಲಗೈ ಮಂಡಿಯ ಮೇಲೆ ಊರಿ ಮೆಟ್ಟುಹಲಗೆಯ ಮೇಲೆ ಕೂತರು. ನನ್ನ ಬರಿಗಾಲನ್ನು ನೋಡಿದರು. ಹಿಂದಿನ ಗಾಲಿ ಇರಬೇಕಾಗಿದ್ದ ಜಾಗವನ್ನು ನೋಡಿದರು. ಎರಡು ಸಲ ಕೆಮ್ಮಿದರು.

"ಧಣಿ, ಇವನು ಅಮಲ್ದಾರ್ರನ್ನ ಮಾಡ್ತಾನೆ, ಮೇಷ್ಟ್ರನ್ನ ಮಾಡ್ತಾನೆ, ನೀವಿಲ್ದಾಗ ನಿಮ್ಮನ್ನೂ ಮಾಡ್ತಾನೆ. ಇವತ್ತು ನನ್ನ ತಪ್ಪನ್ನ ಮಾಡಿ ತೋರಿಸ್ತಾ ಅದಾನೆ. ಚೆನ್ನಾಗಿ ಮಾಡ್ದ. ಎತ್ತು ಹೂಡ್ರಿ."